ಮೂಲೆಯ ಹಸಿರು ಬಟನ್

"ಇನ್ನೂ ಸ್ವಲ್ಪ ಬಗ್ಗಿ ಹಬಕ್ಕೂಕಣ್ಣ. ಹೊಲಿಯೋವಾಗ ಹೆಂಗೆ ಕೂರ್ತೀರೋ ಹಂಗೆ."

ದರ್ಜಿ ಹಬಕ್ಕೂಕ್ ಬಗ್ಗಲಿಲ್ಲ. ತನಗೆ ಮೀಸೆ ಬಂದಾಗಿನಿಂದ ಈ ಹೊಲಿಗೆ ಯಂತ್ರದ ಮುಂದೆ ಹೀಗೇ ಕೂತಿದ್ದೇನೆ, ಪೊಲೀಸಿನವರು ಬಂದರೆಂದು ಬೆನ್ನಿನ ಡೊಂಕು ಬದಲಾಗುವುದಿಲ್ಲ ಎಂದು ಗೊಣಗಿದ. ನಾನೀಗ ಪೊಲೀಸಿನವಳಲ್ಲ, ನಿವೃತ್ತಿಯಾಗಿ ಮೊಣಕಾಲು ಎರಡೂ ಹೋಗಿವೆ ಎಂದು ನೆನಪಿಸಿದೆ. ಸಾರ್ಜೆಂಟ್ ಆದವಳು ಸತ್ತ ಮೇಲೂ ಸಾರ್ಜೆಂಟೇ ಎಂದ.

ಕಂಬಕ್ಕೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರ್ ಚೆರುಯೋಟ್ ಗಡಿಯಾರ ನೋಡಿಕೊಂಡ. ನನ್ನ ಮಗನ ವಯಸ್ಸಿನವನು. ಕೆಟ್ಟವನಲ್ಲ, ಆದರೆ ಮುಗಿದ ಕೇಸನ್ನು ಮತ್ತೆ ಬಿಚ್ಚುವುದೆಂದರೆ ಅವನಿಗೆ ಹಲ್ಲುನೋವು.

ಅವನ ಪ್ರಕಾರ ಕೇಸು ಮುಗಿದಿತ್ತು. ಎದುರಿನ ಟೈಪಿಂಗ್ ಅಂಗಡಿಯ ಯಜಮಾನ ಪ್ರೋಟಸ್ ವೆಕುಲೋ ಹೋದ ವಾರ ಹಿಂದಿನ ಕೋಣೆಯಲ್ಲಿ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಕಂಪ್ಯೂಟರಿನ ಭಾರದ ಬ್ಯಾಟರಿ ಪೆಟ್ಟಿಗೆ ರಕ್ತ ಹಚ್ಚಿಕೊಂಡು ಮಗುಚಿತ್ತು. ಅಲ್ಲಿ ಕೆಲಸಕ್ಕಿದ್ದ ನೆಕೆಸಾ ಲಾಕಪ್ಪಿನಲ್ಲಿದ್ದಳು. ಸೋಮವಾರ ಕೋರ್ಟಿಗೆ ಹಾಜರು ಮಾಡಿ ಕೊಲೆ ಆರೋಪ ಹೊರಿಸುತ್ತಾರೆ. ಆಮೇಲೆ ಅವಳು ಜೈಲಿನಿಂದ ಹೊರಗೆ ಬರುವ ಹೊತ್ತಿಗೆ ಅವಳ ಹಾಲು ಕುಡಿಯುವ ಮಗಳು ಶಾಲೆಗೆ ಹೋಗುತ್ತಿರುತ್ತಾಳೆ, ಅದೂ ಅದೃಷ್ಟವಿದ್ದರೆ.

ಅವಳನ್ನು ಅಲ್ಲಿಗೆ ಕಳಿಸಿದ್ದು ಹಬಕ್ಕೂಕನ ಒಂದೇ ಮಾತು. ಅವತ್ತು ಮಧ್ಯಾಹ್ನ ಮಳೆ ಹಿಡಿದ ಹೊತ್ತಿನಲ್ಲಿ, ಪ್ರೋಟಸ್ ಸತ್ತನೆಂದು ಲೆಕ್ಕ ಹಾಕಿದ ಹೊತ್ತದು, ಕಂಪ್ಯೂಟರಿನಲ್ಲಿ ಹಸಿರು ಇತ್ತು ಎಂದು ಅವನು ಪೊಲೀಸರಿಗೆ ಹೇಳಿದ್ದ.

ಹೊರಗಿನವರಿಗೆ ಇದು ಹುಚ್ಚುಮಾತಿನಂತೆ ಕೇಳಿಸಬಹುದು. ಬುಂಗೋಮಾ ಪೇಟೆಯಲ್ಲಿ ಯಾರಿಗೂ ಹಾಗೆ ಕೇಳಿಸಲಿಲ್ಲ.

ಪ್ರೋಟಸ್‌ನ ಅಂಗಡಿಯಲ್ಲಿ ನೆಟ್ಟಗೆ ಓಡುವ ಕಂಪ್ಯೂಟರು ಒಂದೇ. ಹಳೆಯದು, ನೈರೋಬಿಯ ಯಾವುದೋ ಕಚೇರಿ ಬಳಸಿ ಬಿಸಾಕಿದ್ದು. ಅದಕ್ಕೆ ಮೂವರು ಹೆಂಗಸರು. ಮೂವರ ಹೆಸರೂ ಅದರೊಳಗೆ ಬೇರೆಬೇರೆ ಇದ್ದವು. ಯಾರು ತಮ್ಮ ಹೆಸರನ್ನು ಒತ್ತಿದರೆ ಅವರ ಬಣ್ಣದಲ್ಲಿ ತೆರೆ ಬರುತ್ತಿತ್ತು. ಯಂತ್ರದ ಜೊತೆಗೇ ಬಂದ ಬಣ್ಣಗಳು ಮೂರು, ನೀಲಿ, ಹಸಿರು, ಬೆಳ್ಳಿ. ಎವರ್‌ಲಿನ್ ಎಂಬವಳು ಮೊದಲು ಬಂದವಳು, ಇದ್ದ ನೀಲಿಯನ್ನೇ ಉಳಿಸಿಕೊಂಡಳು. ನೆಕೆಸಾ ಹಸಿರು ಹಾಕಿಕೊಂಡಳು. ಪ್ರೋಟಸ್‌ನ ಹೆಂಡತಿ ಕಾನ್ಸೊಲಾಟಾ ಕೆಲಸ ಜಾಸ್ತಿಯಿದ್ದಾಗ ಮಾತ್ರ ಕೂರುವವಳು. ಅವಳದು ಬೆಳ್ಳಿ, ತಿಕ್ಕಿ ತೊಳೆದ ಪಾತ್ರೆಯ ಹಾಗೆ ಕಾಣುತ್ತದೆ ಎಂದು ಅವಳೇ ಹೇಳುತ್ತಿದ್ದಳಂತೆ.

ಅಂಗಡಿಗೆ ಹೆಚ್ಚಾಗಿ ಬರುತ್ತಿದ್ದದ್ದು ಸಾವಿನ ಮನೆಯವರು. ಮನೆಯವರ ಹೆಸರೆಲ್ಲ ಅಚ್ಚು ಹಾಕಿಸಿ ಮಣ್ಣಿನ ದಿನ ಹಂಚುವ ಪುಸ್ತಿಕೆಯಲ್ಲಿ ಸತ್ತವರ ಎರಡನೆಯ ಹೆಂಡತಿಯ ಮಗನ ಹೆಸರು ಬಿಟ್ಟುಹೋದರೆ ಹೆಣದ ಮುಂದೆಯೇ ಹೊಡೆದಾಟವಾಗುತ್ತದೆ. ಅದಕ್ಕೇ ಪ್ರೋಟಸ್ ತೆರೆಯನ್ನು ಬೀದಿಯ ಕಡೆ ತಿರುಗಿಸಿ ಇಟ್ಟಿದ್ದ. ಜನ ಜಗುಲಿಯಲ್ಲಿ ನಿಂತು ತಪ್ಪು ನೋಡಿ ಹೇಳಬೇಕು. ಟೈಪು ಮಾಡುವವಳು ಹಲಗೆಯ ಮರೆಯಲ್ಲಿ ಕತ್ತು ಓರೆ ಮಾಡಿಕೊಂಡು ಕೂರಬೇಕು. ಹೀಗಾಗಿ ಬೀದಿಗೆ ಮುಖ ಕಾಣುತ್ತಿರಲಿಲ್ಲ, ಬಣ್ಣ ಕಾಣುತ್ತಿತ್ತು. ನೆಕೆಸಾಳ ಕೈ ಚುರುಕು. ಅವಸರದವರು ದೂರದಿಂದಲೇ ನೋಡಿ, ಹಸಿರು ಇದ್ದರೆ ಒಳಗೆ ಹೋಗುತ್ತಿದ್ದರು, ನೀಲಿ ಇದ್ದರೆ ಚಹಾ ಕುಡಿದು ಬರುತ್ತಿದ್ದರು.

ನನ್ನ ಗಂಡ ಹೋದಾಗ ಅವನ ಪುಸ್ತಿಕೆಯನ್ನು ಮಾಡಿಕೊಟ್ಟವಳು ನೆಕೆಸಾ. ನಾನು ಹೇಳುತ್ತಾ ಹೇಳುತ್ತಾ ಅಳಲು ಶುರುಮಾಡಿದಾಗ ಕೀಲಿಗಳ ಮೇಲಿಂದ ಕೈ ತೆಗೆದು ಸುಮ್ಮನೆ ಕೂತಳು, ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ. ಅವಳ ಅಣ್ಣ ಮಾಯೆಲೋ, ತಂಗಿಯನ್ನು ಬಿಡಿಸಿಕೊಡಿ ಎಂದು ಬಂದು ಬಾಗಿಲಲ್ಲಿ ನಿಂತಾಗ, ನನಗೆ ಸಾಕಾಗಿದೆ ಕಣಪ್ಪ ಎನ್ನಲು ಬಾಯಿ ಬರಲಿಲ್ಲ. ಸಾಕಾಗಿದ್ದಂತೂ ನಿಜ.

ಹಬಕ್ಕೂಕ್ ಕೊನೆಗೂ ಬಗ್ಗಿದ.

ಅವನ ಮುಂದೆ ತಂತಿಗೆ ಶಾಲೆಯ ಹುಡುಗಿಯರ ಫ್ರಾಕುಗಳು ತೂಗುತ್ತಿದ್ದವು. ಜನವರಿಯಲ್ಲಿ ಶಾಲೆ ಶುರುವಾಗುವಾಗ ಅವನ ಜಗುಲಿಯಲ್ಲಿ ಗಾಳಿಗೂ ಜಾಗವಿರುವುದಿಲ್ಲ. ಈ ಸಾಲು ಯಾವಾಗಿಂದ ಇಲ್ಲಿದೆ ಎಂದು ಕೇಳಿದೆ. ಪ್ರೋಟಸ್ ಸಾಯುವುದಕ್ಕೆ ಮುಂಚಿನಿಂದ ಎಂದ. ಹೆಡ್‌ಮಿಸ್ಟ್ರೆಸ್ ಕಾಲರು ಬದಲಾಯಿಸಿ ಎಂದಳು, ಆಮೇಲೆ ಬೇಡ ಎಂದಳು, ಈಗ ಯೋಚನೆ ಮಾಡುತ್ತಿದ್ದಾಳೆ, ಅವಳ ಯೋಚನೆ ಮುಗಿಯುವವರೆಗೆ ಫ್ರಾಕುಗಳು ನೇತಾಡುತ್ತವೆ ಎಂದ.

ಎವರ್‌ಲಿನ್‌ಳನ್ನು ಒಳಗೆ ಕೂರಿಸಿದ್ದೆ. ನಾನು ಕೈ ಎತ್ತಿದಾಗಲೆಲ್ಲ ಒಂದೊಂದು ಹೆಸರಿನಲ್ಲಿ ಕಂಪ್ಯೂಟರು ತೆರೆಯಬೇಕು, ಯಾವುದು ಎಂದು ಕೂಗಬಾರದು. ಹಬಕ್ಕೂಕ್ ತನ್ನ ಜಾಗದಿಂದ ನೋಡಿ ಬಣ್ಣ ಹೇಳಬೇಕು, ಅಷ್ಟೇ.

ಮೊದಲ ಸಲ ಕೈ ಎತ್ತಿದೆ.

"ಹಸಿರು," ಎಂದ ಹಬಕ್ಕೂಕ್, ಯೋಚಿಸದೆ.

ಚೆರುಯೋಟ್ ಕಂಬ ಬಿಟ್ಟು ನೆಟ್ಟಗೆ ನಿಂತ. ಅವನು ನಿಂತಲ್ಲಿಂದ ಇಡೀ ತೆರೆ ಕಾಣುತ್ತಿತ್ತು. ತೆರೆಯ ಅಡಿಯಲ್ಲಿ ಉದ್ದಕ್ಕೂ ದಪ್ಪ ನೀಲಿ ಪಟ್ಟಿ ಇತ್ತು.

ಎರಡನೆಯ ಸಲ ಕೈ ಎತ್ತಿದೆ. ಹಳೆಯ ಯಂತ್ರ, ಒಂದು ಹೆಸರು ಬಿಟ್ಟು ಇನ್ನೊಂದಕ್ಕೆ ಹೋಗಲು ಮೈಮುರಿದುಕೊಂಡು ಹೊತ್ತು ತೆಗೆದುಕೊಂಡಿತು. ಹಬಕ್ಕೂಕ್ ಕಣ್ಣು ಕಿರಿದು ಮಾಡಿ ನೋಡಿದ.

"ಇದ್ಯಾವುದೋ ಕಿತ್ತಳೆ ಹಾಕಿದ್ದೀರಲ್ಲ ಸಾರ್ಜೆಂಟಮ್ಮ. ಇದಲ್ಲ. ನೆಕೆಸಾದು ಹಾಕ್ಸಿ."

"ಇದೇ ನೆಕೆಸಾದು," ಎಂದೆ.

ಅವನು ನಕ್ಕ. ಇಷ್ಟು ವರ್ಷ ಎದುರಿಗೆ ಕೂತವನಿಗೆ ನೆಕೆಸಾಳ ಬಣ್ಣ ಗೊತ್ತಿಲ್ಲವೇ, ಕಣ್ಣು ಮಂಜಾಗಿರಬಹುದು, ಆದರೆ ಹಸಿರಿಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯದಿದ್ದರೆ ಶಾಲೆಯ ಯೂನಿಫಾರಂ ಹೊಲಿಯಲು ಯಾರು ಕೊಡುತ್ತಾರೆ ಎಂದು ಕೇಳಿದ. ಮೂರನೆಯ ಸಲ ಕೈ ಎತ್ತಿದೆ. ಬೆಳ್ಳಿ ಬಂತು.

"ಹಾಂ, ಇದು. ಹಸಿರು ಅಂದ್ರೆ ಇದು. ಅವತ್ತು ಇದ್ದಿದ್ದೂ ಹಿಂಗೇ."

ಚೆರುಯೋಟ್ ಬಂದು ಹಬಕ್ಕೂಕನನ್ನು ಎಬ್ಬಿಸಿ ಆ ಸ್ಟೂಲಿನ ಮೇಲೆ ತಾನೇ ಕೂತ. ಬಗ್ಗಿದ. ಎರಡು ಫ್ರಾಕುಗಳ ನಡುವಿನ ಸಂದಿನಲ್ಲಿ ತೆರೆಯ ಎಡಗಡೆಯ ಕೆಳಮೂಲೆ ಮಾತ್ರ ಕಾಣುತ್ತಿತ್ತು. ಆ ಮೂಲೆಯಲ್ಲಿ ಒಂದು ಬಟನ್ ಇರುತ್ತದೆ. ಯಾವ ಕೆಲಸ ಶುರು ಮಾಡಬೇಕಾದರೂ ಅದನ್ನೇ ಒತ್ತುವುದು. ನೀಲಿ ಬಣ್ಣ ಹಾಕಿಕೊಂಡರೆ ಆ ಬಟನ್ ಹಸಿರು. ಬೆಳ್ಳಿ ಹಾಕಿಕೊಂಡರೂ ಹಸಿರು. ಹಸಿರು ಹಾಕಿಕೊಂಡರೆ ಮಾತ್ರ ಅದು ಕಿತ್ತಳೆ. ಯಂತ್ರ ಮಾಡಿದವರು ಯಾಕೆ ಹಾಗೆ ಮಾಡಿದರೋ ಅವರನ್ನೇ ಕೇಳಬೇಕು. ನಾನು ಹಿಂದಿನ ದಿನ ಎವರ್‌ಲಿನ್ ಪಕ್ಕದಲ್ಲಿ ಬೆನ್ನುನೋವು ಬರುವಷ್ಟು ಹೊತ್ತು ಕೂತು ಮೂರನ್ನೂ ಹಾಕಿಸಿ ತೆಗೆಸಿ ನೋಡಿದ್ದೆ. ಬಣ್ಣ ಬದಲಿಸುವ ಆ ಸಣ್ಣ ಕಿಟಕಿಯಲ್ಲಿ ಅಕ್ಷರ ದಪ್ಪ ಮಾಡುವುದು, ಹಳೇ ಕಾಲದ ಬೂದಿ ಬಣ್ಣಕ್ಕೆ ಹೋಗುವುದು ಎಲ್ಲ ಇತ್ತು. ನನಗೆ ಬೇಕಾಗಿದ್ದು ಆ ಬಟನ್ ಒಂದೇ.

ಚೆರುಯೋಟ್ ಎದ್ದು ಫ್ರಾಕುಗಳನ್ನು ಪಕ್ಕಕ್ಕೆ ಸರಿಸಿದ. ನೆಕೆಸಾಳ ತೆರೆಯನ್ನು ಮತ್ತೆ ಹಾಕಿಸಿದೆ. ಈ ಸಲ ಹಬಕ್ಕೂಕನಿಗೆ ಇಡೀ ಹಸಿರು ಪಟ್ಟಿ, ಅದರ ತುದಿಯಲ್ಲಿ ಕಿತ್ತಳೆ ಬಟನ್, ಎರಡೂ ಕಂಡವು. ಅವನು ಕುತ್ತಿಗೆಯಲ್ಲಿದ್ದ ಅಳತೆಪಟ್ಟಿಯನ್ನು ತೆಗೆದು ಕೈಗೆ ಸುತ್ತಿಕೊಂಡ.

"ಜನವರಿ ಬಿಟ್ರೆ ನಂಗೆ ಪೂರ್ತಿ ಕಾಣುತ್ತೆ," ಎಂದ. "ಅದಕ್ಕೇ ನಾನು... ಆ ಹುಡುಗೀನ ನಾನೇ ಒಳಗೆ ಹಾಕ್ಸಿದ್ನಲ್ಲ ಸಾರ್ಜೆಂಟಮ್ಮ."

ನೀವು ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಿದಿರಿ ಎಂದೆ. ಅದು ಅವನಿಗೆ ಸಾಲಲಿಲ್ಲ. ನನಗೂ ಸಾಲಲಿಲ್ಲ. ಕಂಡದ್ದನ್ನು ಹೇಳಿಯೇ ಎಷ್ಟೋ ಜನರನ್ನು ಒಳಗೆ ಹಾಕಿಸಿದ್ದನ್ನು ನಾನು ನೋಡಿದ್ದೇನೆ.

ಠಾಣೆಗೆ ನಡೆದು ಹೋಗುವಾಗ ಚೆರುಯೋಟ್ ವಾದಕ್ಕೆ ನಿಂತ. ಆ ಯಂತ್ರದಲ್ಲಿ ಗುಪ್ತಪದ ಇಲ್ಲ, ಯಾರು ಬೇಕಾದರೂ ಯಾರ ಹೆಸರನ್ನಾದರೂ ಒತ್ತಬಹುದಲ್ಲ ಎಂದ. ಒತ್ತಬಹುದು ಎಂದೆ, ಹಾಗಾದರೆ ಬಣ್ಣ ನೋಡಿ ನೆಕೆಸಾಳನ್ನು ಹಿಡಿದದ್ದು ಯಾವ ನ್ಯಾಯ. ಯಾರು ಯಾವಾಗ ಕೂತಿದ್ದರು ಎಂದು ಯಂತ್ರದೊಳಗೇ ಹುಡುಕಬಲ್ಲವನು ನೈರೋಬಿಯಿಂದ ಬರಬೇಕು, ಅವನು ಬರುವುದು ಯಾವ ತಿಂಗಳೋ ಎಂದ. ಸೋಮವಾರ ಅವನಿಗಾಗಿ ಕಾಯುವುದಿಲ್ಲ ಎಂದೆ.

ಅವನು ಸುಸ್ತಾದವನಂತೆ ಟೋಪಿ ತೆಗೆದು ತಲೆ ಒರೆಸಿಕೊಂಡ. ಕೊನೆಗೆ ಒಂದು ಒಪ್ಪಂದಕ್ಕೆ ಬಂದ. ತಾನು ಯಾವತ್ತೂ ಹಸಿರಿನಲ್ಲೇ ಕೆಲಸ ಮಾಡುತ್ತಿದ್ದೆ, ಬೇರೆ ಬಣ್ಣ ಮುಟ್ಟಿಲ್ಲ ಎಂದು ನೆಕೆಸಾ ಒಂದು ಮಾತು ಹೇಳಲಿ. ಅಷ್ಟಾದರೆ ಸಾಕ್ಷಿ ಬಿದ್ದುಹೋಯಿತು ಎಂದು ತಾನೇ ಸರ್ಕಾರಿ ವಕೀಲರಿಗೆ ತಿಳಿಸುತ್ತೇನೆ, ಸೋಮವಾರದ ಮೊದಲೇ ಅವಳನ್ನು ಮನೆಗೆ ಕಳಿಸುತ್ತೇನೆ ಎಂದ.

ಒಂದೇ ಒಂದು ಕೇಳಿಕೊಂಡೆ, ದರ್ಜಿ ಕಂಡದ್ದು ಯಾವ ಬಣ್ಣವಿರಬಹುದು ಎಂದು ಅವಳಿಗೆ ನಾವು ಹೇಳುವುದು ಬೇಡ. ಅನುಮಾನವಿತ್ತು ಎಂದಲ್ಲ. ಹೆಂಗಸರ ಲಾಕಪ್ಪಿನ ಕಾವಲಿನಲ್ಲಿ ಆಯುಷ್ಯ ಕಳೆದವಳ ಚಾಳಿ.

ಇನ್ನುಳಿದ ಪ್ರಶ್ನೆಯನ್ನು ಚೆರುಯೋಟ್ ಬಾಯಿಬಿಟ್ಟು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂಲೆಯ ಹಸಿರು ನೆಕೆಸಾಳದ್ದಲ್ಲದಿದ್ದರೆ ಇನ್ನಿಬ್ಬರಲ್ಲಿ ಒಬ್ಬರದು. ಎವರ್‌ಲಿನ್ ಅವತ್ತು ಪಕ್ಕದ ಊರು ವೆಬುಯೆಗೆ ಸೋದರಮಾವನ ಮಣ್ಣಿಗೆ ಹೋಗಿದ್ದಳು. ಅವಳು ಬಾಯಿ ಬಡಿದುಕೊಂಡು ಅತ್ತದ್ದನ್ನು ಅರ್ಧ ಪೇಟೆ ನೋಡಿತ್ತು. ಇನ್ನು ಬೆಳ್ಳಿ. ಗಂಡ ಸತ್ತಾಗ ಕಾನ್ಸೊಲಾಟಾ ಚರ್ಚಿನ ಹೆಂಗಸರ ಸಭೆಯಲ್ಲಿದ್ದಳು ಎಂದು ಎಲ್ಲರೂ ಅಂದುಕೊಂಡಿದ್ದರು. ಯಾರೂ ಹೋಗಿ ವಿಚಾರಿಸಿರಲಿಲ್ಲ. ವಿಧವೆಯನ್ನು ಮಣ್ಣಿನ ವಾರದಲ್ಲಿ ಯಾರು ವಿಚಾರಿಸುತ್ತಾರೆ.

ಠಾಣೆಯ ಹೊರಗಿನ ಬೆಂಚಿನ ಮೇಲೆ ಅವಳೇ ಕೂತಿದ್ದಳು. ಬೆನ್ನಿಗೆ ಲೆಸೋ ಬಟ್ಟೆಯಲ್ಲಿ ನೆಕೆಸಾಳ ಮಗಳು ನಂಜಾಲಾ ನಿದ್ದೆ ಮಾಡುತ್ತಿದ್ದಳು. ಲಾಕಪ್ಪಿನ ನೆಲ ಒದ್ದೆ, ಮಗುವಿಗೆ ಕೆಮ್ಮು. ಮೊದಲ ದಿನವೇ ಕಾನ್ಸೊಲಾಟಾ ಬಂದು ಮಗುವನ್ನು ಎತ್ತಿಕೊಂಡು ಹೋಗಿದ್ದಳು. ದಿನಾ ಹಾಲು ಕುಡಿಸಲು ತಂದು ಮತ್ತೆ ಒಯ್ಯುತ್ತಿದ್ದಳು. ಗಂಡನನ್ನು ಕೊಂದವಳ ಮಗುವನ್ನು ಸಾಕುವ ಪುಣ್ಯವಂತೆ ಎಂದು ಚರ್ಚಿನಲ್ಲಿ ಹೊಗಳಿದ್ದರಂತೆ. ಅವಳಿಗೆ ಸ್ವಂತ ಮಕ್ಕಳಿಲ್ಲ. ಹೆಂಗಸರನ್ನು ಮಕ್ಕಳ ಹೆಸರಿನಿಂದ ಕರೆಯುವ ನಮ್ಮೂರಲ್ಲಿ ಕರೆಯಲು ಹೆಸರಿಲ್ಲದೆ ಪೋಕರಿಗಳು ಅವಳಿಗೆ 'ಮಾಮಾ ಕಂಪ್ಯೂಟರ್', ಅಂದರೆ ಕಂಪ್ಯೂಟರಿನ ತಾಯಿ, ಎಂದು ಹೆಸರಿಟ್ಟಿದ್ದರು. ಅದೇ ಬಾಯಿಗಳು ಮಗುವಿನ ಕಿವಿ ನೋಡಿ, ಪ್ರೋಟಸ್‌ನದೇ ಅಚ್ಚು ಎಂದೂ ಪಿಸುಗುಟ್ಟುತ್ತಿದ್ದವು.

ಮಗು ಹಾಲು ಕುಡಿಯಿತೇ ಎಂದು ಕೇಳಿದೆ. ಕುಡಿಯಿತು ಎಂದಳು. ನಾನು ಒಳಗೆ ಹೋದೆ.

ನೆಕೆಸಾಳನ್ನು ತಂದು ಕೂರಿಸಿದರು. ಮುಖ ಊದಿತ್ತು, ಕೂದಲಿನ ಜಡೆಗಳು ಅರ್ಧ ಬಿಚ್ಚಿದ್ದವು. ನನ್ನನ್ನು ನೋಡಿ ನಕ್ಕಳು. ಇಡೀ ವಾರದಲ್ಲಿ ಮೊದಲ ಸಲ ಒಳ್ಳೆಯ ಸುದ್ದಿ ತಂದಿದ್ದೆ. ಆದಷ್ಟು ಬೇಗ ಹೇಳಿಬಿಡಬೇಕು ಎನಿಸಿತು.

"ಹಬಕ್ಕೂಕ್ ಕಂಡಿದ್ದು ನಿನ್ನ ಬಣ್ಣ ಅಲ್ಲ ಕಣಮ್ಮ. ಅವನ ಜಾಗದಲ್ಲಿ ಕೂತು ನೋಡಿದ್ವಿ, ಇನ್ಸ್‌ಪೆಕ್ಟ್ರೂ ನೋಡಿದ್ರು. ಒಂದೇ ಮಾತು ಹೇಳು. ನೀನು ಯಾವತ್ತಾದ್ರೂ ಹಸಿರು ಬಿಟ್ಟು ಬೇರೆ ಹಾಕ್ಕೊಂಡಿದ್ಯಾ?"

ಅವಳ ಮುಖದಲ್ಲಿ ನಾನು ಕಾದಿದ್ದ ಬೆಳಕು ಬರಲಿಲ್ಲ. ಬಂದದ್ದು ಭಯ. ಬಾಗಿಲ ಕಡೆ ನೋಡಿದಳು. ಅದರಾಚೆ ಬೆಂಚು ಇತ್ತು.

"ಹಾಕ್ಕೊಂಡಿದ್ದೆ ಅಮ್ಮ," ಎಂದಳು. "ಅವತ್ತು ಹಾಕ್ಕೊಂಡಿದ್ದೆ. ಹಸಿರು ಬೇಜಾರಾಗಿತ್ತು. ಬೆಳ್ಳಿ ಮಾಡ್ಕೊಂಡಿದ್ದೆ."

ಚೆರುಯೋಟ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ದರ್ಜಿ ಕಂಡದ್ದು ನೀಲಿಯೋ ಬೆಳ್ಳಿಯೋ ಎಂದು ನಮಗೇ ಗೊತ್ತಿರಲಿಲ್ಲ. ಅಂದಾಜಿಗೆ ಸಿಕ್ಕಿದ್ದನ್ನು ನಾವು ಯಾರಿಗೂ ಹೇಳಿರಲಿಲ್ಲ. ಸುಳ್ಳು ಹೇಳುವವಳಿಗೆ ಬಾಯಿಗೆ ಮೊದಲು ಬರಬೇಕಾದದ್ದು ನೀಲಿ, ಆ ಯಂತ್ರದಲ್ಲಿ ಮೊದಲಿನಿಂದ ಇದ್ದ ಬಣ್ಣ ಅದೇ.

"ಬೆಳ್ಳಿ ಅಂತ ನಿಂಗೆ ಯಾರು ಹೇಳಿದ್ರು?"

ಅವಳು ತುಟಿ ಕಚ್ಚಿಕೊಂಡಳು. ನಾನು ಕುರ್ಚಿ ಎಳೆದುಕೊಂಡು ಅವಳ ಮೊಣಕಾಲಿಗೆ ನನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ. ಮಗುವಿಗೆ ಇಂಜೆಕ್ಷನ್ ಹಾಕಿಸಲು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೆ, ವಾಪಸು ಬಂದಾಗ ಯಜಮಾನರು ಬಿದ್ದಿದ್ದರು ಎಂದು ಇಡೀ ವಾರ ಹೇಳಿದವಳು ನೀನೇ. ಈಗ ಅಂಗಡಿಯಲ್ಲಿದ್ದೆ ಎನ್ನುತ್ತೀಯ. ಯಾವುದನ್ನು ನಂಬಲಿ ಎಂದು ಕೇಳಿದೆ. ನನ್ನ ಧ್ವನಿ ಗಟ್ಟಿಯಾಗಿತ್ತು. ಸಿಟ್ಟು ಬಂದಿತ್ತು, ಮುಚ್ಚಿಡುವುದೇನು. ಈ ಹುಡುಗಿಯನ್ನು ಬಾವಿಯಿಂದ ಎತ್ತಲು ಹಗ್ಗ ಇಳಿಬಿಟ್ಟಿದ್ದೆ, ಅವಳು ಅದನ್ನು ಕತ್ತರಿಸುತ್ತಿದ್ದಳು.

"ಮಗು ಕೆಮ್ಮು ಕಡಿಮೆ ಆಯ್ತಾ ಅಮ್ಮ?" ಎಂದಳು.

"ನೆಕೆಸಾ, ಅವಳು ನಿಂಗೆ ಏನು ಅಂದಿದ್ದಾಳೆ?"

"ಯಾರೂ ಏನೂ ಅಂದಿಲ್ಲ. ಸಾಹೇಬ್ರೇ, ಬರ್ಕೊಳ್ಳಿ. ಅವತ್ತು ನಾನೇ ಇದ್ದೆ, ಬೆಳ್ಳಿ ಹಾಕ್ಕೊಂಡಿದ್ದೆ, ನಾನೇ ಹೊಡೆದೆ. ಸಹಿ ಹಾಕ್ತೀನಿ."

ಬರೆದುಕೊಳ್ಳಬೇಡಿ ಎಂದು ಚೆರುಯೋಟ್‌ಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಬಾಯಿಬಿಟ್ಟು ಒಪ್ಪಿಕೊಳ್ಳುತ್ತಿರುವವಳ ಮಾತನ್ನು ತಾನು ಹೇಗೆ ಬಿಡಲಿ, ಮೇಲಿನ ಅಧಿಕಾರಿಯನ್ನು ಕರೆಸಲೇಬೇಕು, ಅವರ ಎದುರಿಗೇ ಹೇಳಿಕೆ ಆಗಬೇಕು, ಅವರು ಊಟ ಮುಗಿಸಿ ಬರುತ್ತಾರೆ ಎಂದ. ಕಾನೂನು ಅವನ ಕಡೆಗಿತ್ತು. ನನ್ನ ಕಡೆಗೆ ಇದ್ದದ್ದು ಒಂದು ಬಟನ್ ಮಾತ್ರ, ಅದನ್ನೂ ಅವಳೇ ಕಿತ್ತು ಹಾಕಿದ್ದಳು.

ಎದ್ದು ಹೊರಗೆ ಬಂದೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಕಾವಲಿನ ಪೇದೆ ರಸ್ತೆಯ ಕಡೆ ಕೈ ತೋರಿಸಿದ. ಮಲಾಬಾಕ್ಕೆ ಹೋಗುವ ಮಟಾಟು ವ್ಯಾನು ತುಂಬುತ್ತಿತ್ತು. ಮಲಾಬಾ ಅಂದರೆ ಗಡಿ. ಗಡಿಯಾಚೆ ಟೊರೊರೊ, ಕಾನ್ಸೊಲಾಟಾಳ ತವರು. ಅಲ್ಲಿಗೆ ಹೋದ ಮಗುವನ್ನು ವಾಪಸು ತರಲು ಎರಡು ದೇಶದ ಪೊಲೀಸರು ಬೇಕು, ಅವರಿಬ್ಬರೂ ಒಂದೇ ದಿನ ಎದ್ದಿರಬೇಕು.

ನಾನು ಓಡಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಮೊಣಕಾಲುಗಳು ಒಪ್ಪಿದಷ್ಟು ಬೇಗ ಹೋದೆ. ಕಂಡಕ್ಟರು ಜಾಗವಿಲ್ಲ ಅಜ್ಜಿ, ಮುಂದಿನದಕ್ಕೆ ಬಾ ಎಂದ. ಅವನನ್ನು ತಳ್ಳಿಕೊಂಡು ಹತ್ತಿದೆ.

ಹಿಂದಿನ ಸೀಟಿನಲ್ಲಿ ಕಾನ್ಸೊಲಾಟಾ ಕಿಟಕಿಯ ಪಕ್ಕ ಕೂತಿದ್ದಳು. ಮಗುವನ್ನು ಬೆನ್ನಿನಿಂದ ಬಿಚ್ಚಿ ಮಡಿಲಿಗೆ ಹಾಕಿಕೊಂಡಿದ್ದಳು. ನನ್ನನ್ನು ನೋಡಿ ಬೆಚ್ಚಲಿಲ್ಲ. ಪಕ್ಕದವನನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟಳು. ವ್ಯಾನು ಹೊರಟಿತು.

ಮಗುವನ್ನು ಕೊಡು, ಮುಂದಿನ ನಿಲ್ದಾಣದಲ್ಲಿ ಇಳಿಯೋಣ ಎಂದೆ. ನೆಕೆಸಾ ಸಹಿ ಹಾಕಲು ಹೊರಟಿದ್ದಾಳೆ, ಮಗು ಕಣ್ಣಿಗೆ ಬಿದ್ದರೆ ಮಾತ್ರ ಅವಳ ಬಾಯಿಂದ ನಿಜ ಬಂದೀತು ಎಂದೆ. ಮಗುವನ್ನು ಮುಂದಿಟ್ಟುಕೊಂಡು ಅವಳನ್ನು ಹೆದರಿಸಿದ್ದು ನನಗೆ ಗೊತ್ತಾಗಿದೆ, ಅವತ್ತು ಯಂತ್ರದಲ್ಲಿ ಇದ್ದದ್ದು ನಿನ್ನ ಬಣ್ಣ ಎಂದೂ ಗೊತ್ತಾಗಿದೆ ಎಂದೆ. ಅವಳು ಕಿಟಕಿಯಾಚೆಯ ಕಬ್ಬಿನ ಹೊಲ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಕೈ ಮಗುವಿನ ಎದೆಯ ಮೇಲೆ ಕೆಮ್ಮಿನ ಗೊರಗೊರ ಸದ್ದಿಗೆ ಸರಿಯಾಗಿ ಮೆಲ್ಲಗೆ ತಟ್ಟುತ್ತಿತ್ತು.

"ನಾನು ಕೂತಿದ್ದು ನಿಜ ಸಾರ್ಜೆಂಟಮ್ಮ," ಎಂದಳು. "ಅವರ ಮಣ್ಣಿನ ಪುಸ್ತಿಕೆಗೆ ಫೋಟೋ ಹುಡುಕ್ತಾ ಕೂತಿದ್ದೆ. ಆಗ ಅವರು ಹಿಂದಿನ ಕೋಣೇಲಿ ತಣ್ಣಗಾಗಿದ್ರು. ನೆಕೆಸಾನೇ ಚರ್ಚಿನ ಸಭೆಗೆ ಬಂದು ನನ್ನ ಅಂಗಡಿಗೆ ಕರ್ಕೊಂಡು ಹೋಗಿದ್ದು. ಮಗೂನ ನನ್ನ ಕೈಗೆ ಕೊಟ್ಟು, ಇದನ್ನ ಇನ್ಮೇಲೆ ನೀವೇ ಸಾಕಿ, ಆದಷ್ಟು ಬೇಗ ಗಡಿ ದಾಟಿಸಿ ಅಂದ್ಲು. ಇದು ಅವರ ಮಗು ಅಂತ ತಿಳಿದು ಅವರನ್ನ ಹೊಡೆದೋನು ಮಗೂನ ಹುಡುಕ್ಕೊಂಡು ಬರ್ತಾನೆ ಅಂದ್ಲು. ನಾನು ಒಳಗೆ ಹೋದ್ರೆ ಮಗು ಅವನ ಕೈಗೆ ಸಿಗುತ್ತೆ ಅಂತಾನೇ ಅವಳು ತಪ್ಪು ಹೊತ್ಕೊಂಡಿರೋದು."

ಯಾರು ಎಂದು ಕೇಳಿದೆ.

"ನಿಮ್ಮನ್ನ ಈ ಕೇಸಿಗೆ ಕರೆಯೋಕೆ ಬಂದಿದ್ದೋನು ಯಾರು, ಅವಳಣ್ಣ ಮಾಯೆಲೋ ಅಲ್ವಾ?" ಎಂದಳು ಕಾನ್ಸೊಲಾಟಾ. "ಮಗು ಯಾರ ಹತ್ರ ಇದೆ ಅಂತ ಅವನಿಗೆ ನೀವು ಹೇಳಿದ್ರಾ?"